ಕೊನೆಯ ಅಧ್ಯಾಯದ ಹೊಣೆ: ಎರವಲು ಲೋಕದ ವಿಜ್ಞಾನ ಕಾದಂಬರಿಗಳನ್ನು ಕುರಿತು

(ಮೈಸೂರಿನ ಹೆಬ್ಬಾಳದಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ಪಾಠ)

1. ವಿಷಯದ ವ್ಯಾಪ್ತಿ

ಚಲನಚಿತ್ರ, ದೂರದರ್ಶನ ಸರಣಿ ಅಥವಾ ಕಂಪ್ಯೂಟರ್ ಆಟವೊಂದರ ಕಥಾಲೋಕವನ್ನು ಅದರ ಹಕ್ಕುದಾರರ ಪರವಾನಗಿ ಪಡೆದು ಬಳಸಿಕೊಂಡು, ಅಲ್ಲಿನ ಪಾತ್ರಗಳನ್ನೂ ಪರಿಸರವನ್ನೂ ಇಟ್ಟುಕೊಂಡು ಬರೆಯುವ ಕಾದಂಬರಿಗೆ ಪ್ರಕಾಶನ ವಲಯದಲ್ಲಿ ಟೈ-ಇನ್ ಕಾದಂಬರಿ ಎಂಬ ಹೆಸರಿದೆ. ಇದರಲ್ಲಿ ಎರಡು ಬಗೆಗಳುಂಟು. ತೆರೆಯ ಮೇಲಿನ ಕಥೆಯನ್ನೇ ಚಿತ್ರಕಥೆಯ ಆಧಾರದಿಂದ ಗದ್ಯಕ್ಕೆ ಇಳಿಸುವುದು ಮೊದಲನೆಯದು. ಅದನ್ನು ಕಾದಂಬರೀಕರಣ ಎನ್ನಬಹುದು. ಪಾತ್ರಗಳನ್ನು ಮಾತ್ರ ಎರವಲು ಪಡೆದು, ತೆರೆಯ ಮೇಲೆ ಬಾರದ ಹೊಸ ಕಥೆಯನ್ನು ಕಟ್ಟುವುದು ಎರಡನೆಯದು. ವಿಮರ್ಶಕರು ಈ ಎರಡೂ ಬಗೆಗಳನ್ನು ಬಹುಕಾಲ ಸಾಹಿತ್ಯದ ಅಂಗಳದಿಂದ ಹೊರಗೇ ಇಟ್ಟಿದ್ದರೂ, ಜಗತ್ತಿನ ಅಸಂಖ್ಯ ಓದುಗರಿಗೆ ವಿಜ್ಞಾನ ಸಾಹಿತ್ಯದ ಮೊದಲ ಪರಿಚಯ ಆಗಿರುವುದು ಇಂಥ ಪುಸ್ತಕಗಳಿಂದಲೇ ಎಂಬುದನ್ನು ನೆನೆದರೆ, ಅವುಗಳ ಗುಣದೋಷಗಳನ್ನು ಗಂಭೀರವಾಗಿ ಪರಿಶೀಲಿಸುವುದು ಅಗತ್ಯವೆನಿಸುತ್ತದೆ.

ಈ ಪ್ರಕಾರದ ಮೇಲೆ ಓದುಗರು ಹೊರಿಸುವ ಆರೋಪಗಳಲ್ಲಿ ಒಂದು ಮತ್ತೆ ಮತ್ತೆ ಕೇಳಿಬರುತ್ತದೆ: ಕಾದಂಬರಿಯ ಆರಂಭ ಗಟ್ಟಿಯಾಗಿರುತ್ತದೆ, ಕೊನೆ ಮಾತ್ರ ಅವಸರದ್ದಾಗಿರುತ್ತದೆ. ಇದಕ್ಕೆ ಲೇಖಕನ ಅಸಾಮರ್ಥ್ಯವೇ ಕಾರಣ ಎನ್ನುವ ತೀರ್ಮಾನ ಸುಲಭ, ಆದರೆ ಸರಿಯಲ್ಲ. ಎರವಲು ಲೋಕದಲ್ಲಿ ಬರೆಯುವವನ ಮುಂದೆ ಎರಡು ಮುಕ್ತಾಯಗಳಿರುತ್ತವೆ. ಒಂದು, ಆ ಲೋಕದ ಘಟನೆಗಳ ಮುಕ್ತಾಯ. ಅದರ ಹಕ್ಕು ಅವನದಲ್ಲ. ಇನ್ನೊಂದು, ಕಾದಂಬರಿಯ ಮೊದಲಲ್ಲಿ ಅವನೇ ಎತ್ತಿದ ಪ್ರಶ್ನೆಯ ಮುಕ್ತಾಯ. ಅದರ ಹಕ್ಕೂ ಹೊಣೆಯೂ ಪೂರ್ತಿಯಾಗಿ ಅವನವೇ. ಮೊದಲನೆಯದನ್ನು ಪೂರೈಸುವ ಧಾವಂತದಲ್ಲಿ ಎರಡನೆಯದನ್ನು ಕೈಬಿಟ್ಟಾಗ ಓದುಗನಿಗೆ ಮೋಸವಾದಂತೆ ಅನ್ನಿಸುತ್ತದೆ ಎಂಬುದು ಈ ಉಪನ್ಯಾಸದ ಪ್ರತಿಪಾದನೆ.

2. ಕನ್ನಡದ ಹಿನ್ನೆಲೆ

ಕನ್ನಡದಲ್ಲಿ ಪುಸ್ತಕಕ್ಕೂ ತೆರೆಗೂ ಇರುವ ನಂಟು ಹಳೆಯದು. ಆದರೆ ಅದರ ಹರಿವು ಮುಖ್ಯವಾಗಿ ಕಾದಂಬರಿಯಿಂದ ಚಿತ್ರದ ಕಡೆಗೆ. ಮೈಸೂರಿನ ತ್ರಿವೇಣಿಯವರ ‘ಬೆಳ್ಳಿಮೋಡ’ 1967ರಲ್ಲಿ ಪುಟ್ಟಣ್ಣ ಕಣಗಾಲರ ನಿರ್ದೇಶನದಲ್ಲಿ ಚಿತ್ರವಾಯಿತು. ತ.ರಾ. ಸುಬ್ಬರಾಯರ ಮೂರು ಕಾದಂಬರಿಗಳನ್ನು ಬೆಸೆದು ಅದೇ ನಿರ್ದೇಶಕರು 1972ರಲ್ಲಿ ‘ನಾಗರಹಾವು’ ಚಿತ್ರವನ್ನು ತೆಗೆದರು; ಆ ಚಿತ್ರದ ಬಗ್ಗೆ ಮೂಲ ಲೇಖಕರು ವ್ಯಕ್ತಪಡಿಸಿದ ಅಸಮಾಧಾನ ಕನ್ನಡ ಚಿತ್ರರಸಿಕರಲ್ಲಿ ಇಂದಿಗೂ ಮಾತಿನ ವಸ್ತು. ವಾರಪತ್ರಿಕೆಗಳ ಧಾರಾವಾಹಿಗಳು ಚಿತ್ರರಂಗಕ್ಕೆ ಕಥೆಗಳನ್ನು ಧಾರಾಳವಾಗಿ ಒದಗಿಸುತ್ತಿದ್ದ ಕಾಲದಲ್ಲಿ, ಚಿತ್ರವನ್ನು ನೋಡಿ ಅದರ ಕಾದಂಬರಿ ಬರೆಯಬೇಕಾದ ಅಗತ್ಯ ಪ್ರಕಾಶಕರಿಗೆ ಹೆಚ್ಚಾಗಿ ಕಾಣಲಿಲ್ಲ.

ಹಾಗಿದ್ದರೂ ಚಿತ್ರಕ್ಕೆ ಅಂಟಿಕೊಂಡ ಒಂದು ಮುದ್ರಿತ ರೂಪ ಕನ್ನಡಿಗರಿಗೆ ಚಿರಪರಿಚಿತವಾಗಿತ್ತು. ಅದು ಟಾಕೀಸುಗಳ ಬಳಿ ಮಾರಾಟವಾಗುತ್ತಿದ್ದ ಹಾಡಿನ ಪುಸ್ತಕ. ತೆಳುವಾದ ಅಗ್ಗದ ಕಾಗದದ ಆ ಕಿರುಹೊತ್ತಗೆಯಲ್ಲಿ ತಾರಾಗಣದ ಪಟ್ಟಿ, ಹಾಡುಗಳ ಸಾಹಿತ್ಯ ಮತ್ತು ಕಥಾಸಾರಾಂಶ ಇರುತ್ತಿದ್ದವು. ಸಾರಾಂಶವು ನಾಯಕ-ನಾಯಕಿಯರ ಪರಿಚಯದಿಂದ ಸಾವಧಾನವಾಗಿ ಹೊರಟು, ಸಂಕಟ ಮುಗಿಲು ಮುಟ್ಟುವ ಹಂತಕ್ಕೆ ಬರುತ್ತಿದ್ದಂತೆ ಒಂದೆರಡು ಪ್ರಶ್ನೆಗಳನ್ನು ಕೇಳಿ, ಉಳಿದುದನ್ನು ಬೆಳ್ಳಿತೆರೆಯ ಮೇಲೆ ನೋಡುವಂತೆ ಓದುಗನನ್ನು ಆಹ್ವಾನಿಸಿ ನಿಂತುಬಿಡುತ್ತಿತ್ತು. ಮುಕ್ತಾಯವನ್ನು ಹೇಳುವ ಹಕ್ಕು ಪುಸ್ತಕದ್ದಲ್ಲ, ಚಿತ್ರದ್ದು ಎಂಬ ವ್ಯಾಪಾರದ ನಿಯಮ ಅಲ್ಲಿ ಮುಚ್ಚುಮರೆಯಿಲ್ಲದೆ ಕಾಣುತ್ತಿತ್ತು. ಪಶ್ಚಿಮದ ಟೈ-ಇನ್ ಕಾದಂಬರಿಯ ಇಕ್ಕಟ್ಟೂ ಮೂಲತಃ ಇದೇ. ವ್ಯತ್ಯಾಸವೆಂದರೆ ಹಾಡಿನ ಪುಸ್ತಕ ಕೊನೆಯನ್ನು ಹೇಳದೆ ಬಿಡಬಹುದಿತ್ತು, ಕಾದಂಬರಿಗೆ ಆ ಸವಲತ್ತಿಲ್ಲ.

ಪುಸ್ತಕವೂ ಚಿತ್ರವೂ ಜೊತೆಜೊತೆಯಾಗಿ ಬೆಳೆದ ಉದಾಹರಣೆಗೆ ಬೆಂಗಳೂರಿನ ನಂಟಿರುವ ಒಬ್ಬ ತಮಿಳು ಲೇಖಕರನ್ನು ನೋಡಬೇಕು. ‘ಸುಜಾತಾ’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಎಸ್. ರಂಗರಾಜನ್ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದವರು, ವಿದ್ಯುನ್ಮಾನ ಮತಯಂತ್ರವನ್ನು ರೂಪಿಸುವ ಕೆಲಸದಲ್ಲಿ ಪಾಲುಗೊಂಡವರು. 1986ರಲ್ಲಿ ತೆರೆಕಂಡ ‘ವಿಕ್ರಮ್’ ಚಿತ್ರಕ್ಕೆ ಅವರು ಬರೆದ ಕಥೆ, ಚಿತ್ರ ತಯಾರಾಗುತ್ತಿದ್ದ ದಿನಗಳಲ್ಲೇ ‘ಕುಮುದಂ’ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಅಪಹರಣಕ್ಕೊಳಗಾದ ಕ್ಷಿಪಣಿ, ಅದನ್ನು ಹುಡುಕಿ ಹೊರಟ ಗೂಢಚಾರ, ಕಂಪ್ಯೂಟರ್ ಬಲ್ಲ ಯುವತಿ ಎಂಬ ಆಧುನಿಕ ಚೌಕಟ್ಟಿನಲ್ಲಿ ಬಿಗಿಯಾಗಿ ಹೊರಡುವ ಚಿತ್ರ, ನಂತರದ ಭಾಗದಲ್ಲಿ ಸಲಾಮಿಯಾ ಎಂಬ ಕಲ್ಪಿತ ರಾಜ್ಯಕ್ಕೆ ಹೋಗಿ ಬೇರೆಯೇ ಬಗೆಯ ಕಥೆಯಾಗಿಬಿಡುತ್ತದೆ. ಕಥೆಗೆ ವಿಜ್ಞಾನ ಕೊಟ್ಟ ಚಾಲನೆಯೊಂದು, ಚಿತ್ರೋದ್ಯಮ ಬಯಸಿದ ನಿಲ್ದಾಣ ಇನ್ನೊಂದು ಎಂಬುದಕ್ಕೆ ಇದು ನಮ್ಮ ನೆರೆಯಲ್ಲೇ ಸಿಗುವ ಸಾಕ್ಷಿ.

3. ಇಬ್ಬರು ಸ್ಪಾಕ್‌ಗಳ ಸಮಸ್ಯೆ

ಗಟ್ಟಿ ಆರಂಭ ಮತ್ತು ಅವಸರದ ಕೊನೆ ಎಂಬ ಲಕ್ಷಣ ಅತ್ಯಂತ ಸ್ಪಷ್ಟವಾಗಿ ಕಾಣುವ ಕೃತಿ ಜೇಮ್ಸ್ ಬ್ಲಿಶ್ ಬರೆದ ‘ಸ್ಪಾಕ್ ಮಸ್ಟ್ ಡೈ!’. 1970ರಲ್ಲಿ ಬ್ಯಾಂಟಮ್ ಪ್ರಕಾಶನದಿಂದ ಬಂದ ಈ ಪುಸ್ತಕ, ‘ಸ್ಟಾರ್ ಟ್ರೆಕ್’ ಎಂಬ ಅಮೆರಿಕನ್ ದೂರದರ್ಶನ ಸರಣಿಯ ಪಾತ್ರಗಳನ್ನಿಟ್ಟುಕೊಂಡು ವಯಸ್ಕ ಓದುಗರಿಗಾಗಿ ರಚಿತವಾದ ಮೊದಲ ಸ್ವತಂತ್ರ ಕಾದಂಬರಿ. ಬ್ಲಿಶ್ ಸಾಮಾನ್ಯ ಲೇಖಕನಲ್ಲ. ಜೀವವಿಜ್ಞಾನವನ್ನು ಓದಿದವನು, ಧರ್ಮ ಮತ್ತು ವಿಜ್ಞಾನದ ಸಂಘರ್ಷವನ್ನು ಕುರಿತ ‘ಎ ಕೇಸ್ ಆಫ್ ಕಾನ್ಷನ್ಸ್’ ಕಾದಂಬರಿಗೆ 1959ರಲ್ಲಿ ಹ್ಯೂಗೊ ಪ್ರಶಸ್ತಿ ಪಡೆದವನು, 1967ರಿಂದ ‘ಸ್ಟಾರ್ ಟ್ರೆಕ್’ ಸಂಚಿಕೆಗಳನ್ನು ಸಣ್ಣಕತೆಗಳ ರೂಪಕ್ಕೆ ತರುತ್ತ ಆ ಲೋಕದ ಒಳಹೊರಗನ್ನು ಬಲ್ಲವನಾಗಿದ್ದನು.

ಸರಣಿಯ ನೋಡುಗರಿಗೆಲ್ಲ ಗೊತ್ತಿದ್ದ, ಆದರೆ ಯಾರೂ ಹೆಚ್ಚು ಯೋಚಿಸದ ಒಂದು ಯಂತ್ರದಿಂದ ಕಾದಂಬರಿ ಹೊರಡುತ್ತದೆ. ಟ್ರಾನ್ಸ್‌ಪೋರ್ಟರ್ ಎಂಬ ಆ ಕಲ್ಪಿತ ಸಾಧನ, ಮನುಷ್ಯನ ದೇಹವನ್ನು ಒಂದು ಕಡೆ ಕಣಕಣವಾಗಿ ಬಿಡಿಸಿ ಇನ್ನೊಂದು ಕಡೆ ಹಾಗೆಯೇ ಜೋಡಿಸುತ್ತದೆ. ಹೀಗೆ ಜೋಡಣೆಗೊಂಡು ಹೊರಬಂದವನು ಒಳಹೊಕ್ಕವನೇ ಹೌದೇ, ಅಥವಾ ಮೊದಲಿನವನು ಸತ್ತು ಅವನ ನೆನಪುಗಳನ್ನೆಲ್ಲ ಹೊತ್ತ ಹೊಸಬನೊಬ್ಬ ಹುಟ್ಟಿದ್ದಾನೆಯೇ, ಆತ್ಮವೆಂಬುದೊಂದು ಇದ್ದರೆ ಅದಕ್ಕೆ ಈ ನಡುವೆ ಏನಾಯಿತು ಎಂಬುದು ಸರಣಿಯ ಬಾಹ್ಯಾಕಾಶ ನೌಕೆಯ ವೈದ್ಯ ಮೆಕಾಯ್‌ನನ್ನು ಕಾಡುವ ಚಿಂತೆ. ಎಂಜಿನಿಯರ್ ಸ್ಕಾಟ್‌ನೊಂದಿಗೆ ಅವನು ನಡೆಸುವ ವಾದವೇ ಕಾದಂಬರಿಯ ಮೊದಲ ದೃಶ್ಯ. ಯುದ್ಧದ ಸುದ್ದಿಯೂ ಸಾಹಸವೂ ಇನ್ನೂ ಆರಂಭವಾಗುವ ಮೊದಲೇ ತತ್ತ್ವಶಾಸ್ತ್ರದ ದೊಡ್ಡ ಪ್ರಶ್ನೆಯೊಂದನ್ನು ಊಟದ ಮೇಜಿನ ಹರಟೆಯಷ್ಟು ಸಹಜವಾಗಿ ಓದುಗನ ಮುಂದೆ ಇಡುವ ಈ ಆರಂಭ, ಅದೇ ಪ್ರಶ್ನೆಯನ್ನು ಕೂಡಲೇ ಘಟನೆಯಾಗಿಯೂ ಬೆಳೆಸುತ್ತದೆ.

ಆರ್ಗೇನಿಯಾ ಎಂಬ ಗ್ರಹದ ಸ್ಥಿತಿಯನ್ನು ದೂರದಿಂದಲೇ ತಿಳಿಯಬೇಕಾಗಿ ಬಂದಾಗ, ನೌಕೆಯ ಅಧಿಕಾರಿ ಸ್ಪಾಕ್‌ನ ಪ್ರತಿರೂಪವೊಂದನ್ನು ಅಲ್ಲಿಗೆ ಕಳಿಸುವ ಪ್ರಯೋಗ ನಡೆಯುತ್ತದೆ. ಗ್ರಹವನ್ನು ಸುತ್ತುವರಿದ ಅಡ್ಡಿಯೊಂದಕ್ಕೆ ತಾಗಿ ಆ ಪ್ರತಿರೂಪ ಹಿಂದಿರುಗಿದಾಗ ನೌಕೆಯಲ್ಲಿ ಇಬ್ಬರು ಸ್ಪಾಕ್‌ಗಳು ನಿಂತಿರುತ್ತಾರೆ. ಇಬ್ಬರಿಗೂ ಒಂದೇ ನೆನಪು, ಒಂದೇ ಬುದ್ಧಿ. ನಿಜವಾದವನು ಯಾರೆಂದು ಕಂಡುಹಿಡಿಯುವ ಬಗೆಯಲ್ಲಿ ಬ್ಲಿಶ್‌ನ ಜೀವವಿಜ್ಞಾನದ ತಿಳಿವು ಬೆಳಗುತ್ತದೆ. ಜೀವಿಗಳ ದೇಹದ ಪ್ರೋಟೀನುಗಳು ಅಮೈನೊ ಆಮ್ಲಗಳೆಂಬ ಘಟಕಗಳಿಂದ ಆಗಿವೆ. ಈ ಆಮ್ಲಗಳಲ್ಲಿ ಗ್ಲೈಸಿನ್ ಒಂದನ್ನು ಬಿಟ್ಟು ಉಳಿದವಕ್ಕೆ ಎಡಗೈ-ಬಲಗೈಗಳಂತೆ ಪರಸ್ಪರ ಕನ್ನಡಿ ಬಿಂಬಗಳಾದ ಎರಡು ರೂಪಗಳು ಸಾಧ್ಯ. ಭೂಮಿಯ ಜೀವಿಗಳು ಪ್ರೋಟೀನು ಕಟ್ಟಲು ಬಳಸುವುದು ಎಡಗೈ ರೂಪವನ್ನು. ಅಣುಗಳಿಗೆ ಇಂಥ ಎಡ-ಬಲ ಭೇದವಿದೆ ಎಂಬುದಕ್ಕೆ ದಾರಿ ತೋರಿದ್ದು 1848ರಲ್ಲಿ ಲೂಯಿ ಪಾಶ್ಚರ್ ಟಾರ್ಟಾರಿಕ್ ಆಮ್ಲದ ಲವಣದ ಹರಳುಗಳನ್ನು ಬೇರ್ಪಡಿಸಿ ನಡೆಸಿದ ಪ್ರಯೋಗ. ಅಡ್ಡಿಗೆ ತಾಗಿ ಮರಳಿದ ಸ್ಪಾಕ್ ಅಣುಮಟ್ಟದಲ್ಲೇ ತಿರುವುಮುರುವಾಗಿದ್ದಾನೆ, ಆದ್ದರಿಂದ ನೌಕೆಯ ಆಹಾರ ಅವನ ದೇಹಕ್ಕೆ ಒಗ್ಗುವುದಿಲ್ಲ. ತನಗೆ ಬೇಕಾದ ತಿರುವು ಅಣುಗಳನ್ನು ತಾನೇ ತಯಾರಿಸಿಕೊಳ್ಳಲು ಅವನು ಪ್ರಯೋಗಾಲಯದಲ್ಲಿ ಬಾಗಿಲು ಭದ್ರಪಡಿಸಿಕೊಂಡು ಕೂರುತ್ತಾನೆ. ಒಂದು ಪಾತ್ರದ ವಿಚಿತ್ರ ವರ್ತನೆಗೆ ರಸಾಯನಶಾಸ್ತ್ರವೇ ಕಾರಣವಾಗುವ ಈ ಭಾಗ, ವಿಜ್ಞಾನ ಕಾದಂಬರಿಯಿಂದ ಓದುಗ ಏನನ್ನು ನಿರೀಕ್ಷಿಸಬಹುದು ಎಂಬುದಕ್ಕೆ ಮಾದರಿಯಾಗಿದೆ.

ಕೊನೆಯ ಭಾಗದ ಗತಿ ಬೇರೆ. ಸುಮಾರು 120 ಪುಟಗಳ ಈ ಪುಸ್ತಕದಲ್ಲಿ ಎರಡು ಬಣಗಳ ಯುದ್ಧ, ಆರ್ಗೇನಿಯಾದ ಬಂಧನ, ಇಬ್ಬರು ಸ್ಪಾಕ್‌ಗಳ ಮುಖಾಮುಖಿ, ಪ್ರತಿರೂಪದ ಸಾವು ಇವಿಷ್ಟೂ ಕಡೆಯ ಕೆಲವೇ ಪುಟಗಳಲ್ಲಿ ಮುಗಿಯಬೇಕಾಗಿದೆ. ಬಂಧನದಿಂದ ಬಿಡುಗಡೆಗೊಂಡ ಆರ್ಗೇನಿಯನ್ನರು ದೇಹವಿಲ್ಲದ ಶುದ್ಧಶಕ್ತಿಯ ಜೀವಿಗಳು, 1967ರ ಸಂಚಿಕೆಯೊಂದರಿಂದ ಬಂದವರು; ಅವರು ಶತ್ರು ಸಾಮ್ರಾಜ್ಯದವರಾದ ಕ್ಲಿಂಗಾನರು ಸಾವಿರ ವರ್ಷ ಬಾಹ್ಯಾಕಾಶ ಯಾನ ಮಾಡದಂತೆ ತೀರ್ಪು ಕೊಟ್ಟುಬಿಡುತ್ತಾರೆ. ಆರ್ಗೇನಿಯಾದ ಗತಿ ಏನಾಯಿತೆಂಬುದು ಮೊದಲಿನಿಂದಲೂ ಕಥೆಯ ಭಾಗವಾಗಿರುವುದರಿಂದ ಅವರ ಮರುಪ್ರವೇಶ ಅನಿರೀಕ್ಷಿತವಲ್ಲ. ಅವಸರ ಇರುವುದು ತೀರ್ಪಿನಲ್ಲಿ: ಇಡೀ ಸಾಮ್ರಾಜ್ಯವೊಂದರ ಸಾವಿರ ವರ್ಷಗಳ ಭವಿಷ್ಯ ಒಂದು ಘೋಷಣೆಯಲ್ಲಿ ಇತ್ಯರ್ಥವಾಗುತ್ತದೆ, ಮನುಷ್ಯ ಪಾತ್ರಗಳು ಅದಕ್ಕೆ ಸಾಕ್ಷಿಗಳಾಗಿ ಮಾತ್ರ ಉಳಿಯುತ್ತಾರೆ. ಅದಕ್ಕಿಂತ ದೊಡ್ಡ ಕೊರತೆಯೆಂದರೆ, ಪ್ರತಿರೂಪಕ್ಕೂ ನೆನಪು, ಬುದ್ಧಿ, ಬದುಕುವ ಹಂಬಲ ಇದ್ದವು ಎಂದಮೇಲೆ ಅವನ ಸಾವು ಕೊಲೆಯೇ ಅಲ್ಲವೇ ಎಂಬ ಪ್ರಶ್ನೆಗೂ, ಮೆಕಾಯ್‌ನ ಮೊದಲ ಸಂದೇಹಕ್ಕೂ, ಆರಂಭದಲ್ಲಿ ದೊರೆತಷ್ಟು ಜಾಗ ಕೊನೆಯಲ್ಲಿ ದೊರೆಯುವುದಿಲ್ಲ. ಯುದ್ಧ ಮುಗಿಯುತ್ತದೆ, ಪ್ರಶ್ನೆ ನಡುದಾರಿಯಲ್ಲೇ ಉಳಿಯುತ್ತದೆ.

4. ಅವಸರದ ಮೂಲಗಳು

ಇಂಥ ಮುಕ್ತಾಯಗಳ ಹಿಂದೆ ಈ ಉದ್ಯಮದ ನಾಲ್ಕು ಒತ್ತಡಗಳನ್ನು ಗುರುತಿಸಬಹುದು. ಮೊದಲನೆಯದು ಕಾಲದ್ದು. ಚಿತ್ರದ ಬಿಡುಗಡೆಯ ಹೊತ್ತಿಗೆ ಪುಸ್ತಕ ಅಂಗಡಿಯಲ್ಲಿರಬೇಕು ಎಂಬ ಗಡುವಿನಲ್ಲಿ ಬರೆಯುವವನು ಮೊದಲ ಅಧ್ಯಾಯಗಳಿಗೆ ಕೊಟ್ಟ ವೇಳೆಯನ್ನು ಕೊನೆಯವಕ್ಕೆ ಕೊಡಲಾರ. ಎರಡನೆಯದು ಪುಟಗಳ ಮಿತಿ. ಅಗ್ಗದ ಕಿಸೆ ಪುಸ್ತಕದ ಗಾತ್ರವನ್ನು ಕಥೆಯ ಅಗತ್ಯಕ್ಕಿಂತ ಹೆಚ್ಚಾಗಿ ಬೆಲೆಯೇ ನಿರ್ಧರಿಸುತ್ತದೆ.

ಮೂರನೆಯದು ಮಾಹಿತಿಯ ಮೇಲೂ ದೃಶ್ಯಗಳ ವೆಚ್ಚದ ಮೇಲೂ ಚಿತ್ರೋದ್ಯಮಕ್ಕಿರುವ ಹಿಡಿತ. ‘ಏಲಿಯನ್’ ಚಿತ್ರದ ಕಾದಂಬರೀಕರಣವನ್ನು 1979ರಲ್ಲಿ ಬರೆದ ಆಲನ್ ಡೀನ್ ಫಾಸ್ಟರ್‌ಗೆ ಚಿತ್ರದ ಮುಖ್ಯ ಜೀವಿಯ ರೂಪವನ್ನೇ ತೋರಿಸಿರಲಿಲ್ಲ; ಕಥೆಯ ಕೇಂದ್ರವಾದ ಪ್ರಾಣಿಯನ್ನು ವರ್ಣಿಸದೆಯೇ ಅವನು ಬರೆಯಬೇಕಾಯಿತು. ‘ಸ್ಟಾರ್ ವಾರ್ಸ್’ನ ಮುಂದುವರಿಕೆಯಾಗಿ ಕಡಿಮೆ ಖರ್ಚಿನಲ್ಲಿ ಚಿತ್ರವಾಗಬಹುದೆಂಬ ಲೆಕ್ಕದಲ್ಲಿ ಅದೇ ಲೇಖಕ ಬರೆದ ‘ಸ್ಪ್ಲಿಂಟರ್ ಆಫ್ ದ ಮೈಂಡ್ಸ್ ಐ’ 1978ರಲ್ಲಿ ಪ್ರಕಟವಾಯಿತು. ಅದರ ಕಥೆ ಸದಾ ಮಂಜು ಕವಿದ ಗ್ರಹವೊಂದರಲ್ಲಿ ನಡೆಯುವುದಕ್ಕೆ ದುಬಾರಿ ದೃಶ್ಯಗಳನ್ನು ತಪ್ಪಿಸುವ ಉದ್ದೇಶವೇ ಕಾರಣ. ಆರಂಭದಲ್ಲಿ ಯೋಜಿಸಿದ್ದ ಬಾಹ್ಯಾಕಾಶ ಯುದ್ಧವೂ ಇದೇ ಕಾರಣಕ್ಕೆ ಬಿಟ್ಟುಹೋಯಿತು.

ನಾಲ್ಕನೆಯದು, ಎಲ್ಲಕ್ಕಿಂತ ಪ್ರಬಲವಾದದ್ದು, ಯಥಾಸ್ಥಿತಿಯ ಷರತ್ತು. ಸರಣಿ ಮುಂದುವರಿಯಬೇಕಾದ್ದರಿಂದ ಅದರ ನಾಯಕರು ಪುಸ್ತಕದ ಕೊನೆಗೆ ಹೊರಟಲ್ಲಿಗೇ ಮರಳಬೇಕು: ಯಾರೂ ಸಾಯಬಾರದು, ಯಾರ ಸ್ವಭಾವವೂ ಬದಲಾಗಬಾರದು. ಕಾದಂಬರಿಯೆಂಬ ಪ್ರಕಾರದ ಜೀವಾಳವೇ ಬದಲಾವಣೆಯಾಗಿರುವಾಗ ಈ ಷರತ್ತು ಕೊನೆಯ ಅಧ್ಯಾಯದ ಕುತ್ತಿಗೆಗೆ ಬರುತ್ತದೆ. ಮೊದಲಲ್ಲಿ ಏನು ಬೇಕಾದರೂ ಆಗಬಹುದೆಂಬ ಸ್ವಾತಂತ್ರ್ಯ, ಕೊನೆಯಲ್ಲಿ ಏನೂ ಆಗಿರಬಾರದೆಂಬ ಕಟ್ಟಳೆ. ಇವೆರಡರ ನಡುವಿನ ದೂರವನ್ನು ಲೇಖಕ ಕೆಲವೇ ಪುಟಗಳಲ್ಲಿ ಕ್ರಮಿಸಬೇಕಾಗಿ ಬಂದಾಗ ಅವಸರ ಅನಿವಾರ್ಯವಾಗುತ್ತದೆ.

5. ಕೊನೆಯನ್ನು ಗೆದ್ದುಕೊಂಡ ಅಸಿಮೋವ್

ಅನಿವಾರ್ಯವೆಂದು ತೋರುವ ಈ ಸ್ಥಿತಿಯನ್ನು ಮೀರಿದ ಉದಾಹರಣೆ ಐಸಾಕ್ ಅಸಿಮೋವ್‌ನ ‘ಫೆಂಟಾಸ್ಟಿಕ್ ವಾಯೇಜ್’. ವಿಜ್ಞಾನಿಯೊಬ್ಬನ ಮಿದುಳಿನಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸಲು, ಒಂದು ಜಲಾಂತರ್ಗಾಮಿಯನ್ನು ಅದರ ಸಿಬ್ಬಂದಿಯೊಡನೆ ಕಣ್ಣಿಗೆ ಕಾಣದಷ್ಟು ಕುಗ್ಗಿಸಿ ಅವನ ರಕ್ತನಾಳದೊಳಗೆ ಬಿಡುವ ಕಥೆ ಇದು. ಕುಗ್ಗಿದ ಸ್ಥಿತಿ ಉಳಿಯುವುದು 60 ನಿಮಿಷ ಮಾತ್ರ. ಅಷ್ಟರಲ್ಲಿ ಹೊರಬರದಿದ್ದರೆ ನೌಕೆ ಮೊದಲಿನ ಗಾತ್ರಕ್ಕೆ ಹಿಗ್ಗಿ ರೋಗಿಯನ್ನೇ ಕೊಲ್ಲುತ್ತದೆ. ಚಿತ್ರಕಥೆಯನ್ನು ಕಾದಂಬರಿಯಾಗಿಸಲು ಬ್ಯಾಂಟಮ್ ಪ್ರಕಾಶನ ಕೇಳಿದಾಗ, ಅದರಲ್ಲಿ ವಿಜ್ಞಾನದ ತಪ್ಪುಗಳು ತುಂಬಿವೆ, ಅವನ್ನು ತಿದ್ದಲು ಬಿಡುವುದಾದರೆ ಮಾತ್ರ ಬರೆಯುವುದಾಗಿ ಅಸಿಮೋವ್ ಷರತ್ತು ಹಾಕಿದನು, ಪ್ರಕಾಶಕರು ಒಪ್ಪಿದರು.

ಆ ಷರತ್ತಿನ ಬೆಲೆ ತಿಳಿಯುವುದು ಕೊನೆಯ ಅಧ್ಯಾಯಕ್ಕೆ ಬಂದಾಗ. ಚಿತ್ರದಲ್ಲಿ ಬಿಳಿ ರಕ್ತಕಣವೊಂದು ನೌಕೆಯನ್ನು ನುಂಗುತ್ತದೆ. ಬದುಕುಳಿದವರು ಕಣ್ಣೀರಿನ ನಾಳದ ಮೂಲಕ ಹೊರಬರುತ್ತಾರೆ. ಕಥೆ ಸುಖವಾಗಿ ಮುಗಿಯುತ್ತದೆ. ಆದರೆ ನುಂಗಿದ ನೌಕೆಯ ಅವಶೇಷ ರೋಗಿಯ ತಲೆಯೊಳಗೇ ಉಳಿದಿದೆ, 60 ನಿಮಿಷ ಕಳೆದ ಕೂಡಲೇ ಅದು ಹಿಗ್ಗಲೇಬೇಕು ಎಂಬುದನ್ನು ಚಿತ್ರ ಮರೆತುಬಿಡುತ್ತದೆ. ಚಿತ್ರವನ್ನು ನೋಡಿದ ಅಸಿಮೋವ್‌ನ 11 ವರ್ಷದ ಮಗಳೇ ಈ ದೋಷವನ್ನು ಗುರುತಿಸಿದಳೆಂದು ಅವನು ದಾಖಲಿಸಿದ್ದಾನೆ. ಕಾದಂಬರಿಯಲ್ಲಿ ಸಿಬ್ಬಂದಿ ತಾವು ಮಾತ್ರ ಪಾರಾಗದೆ, ನೌಕೆಯನ್ನು ನುಂಗಿದ ಬಿಳಿ ರಕ್ತಕಣ ತಮ್ಮ ಬೆನ್ನಟ್ಟಿ ಬರುವಂತೆ ಮಾಡಿ, ಅದನ್ನೂ ಹೊರಕ್ಕೆ ಕರೆತರುತ್ತಾರೆ. ಹಾಗೆಯೇ ಶ್ವಾಸಕೋಶದಿಂದ ನೌಕೆಗೆ ಗಾಳಿ ತುಂಬಿಕೊಳ್ಳುವ ಪ್ರಸಂಗದಲ್ಲಿ, ಕುಗ್ಗಿದ ಮನುಷ್ಯರ ಶ್ವಾಸಕ್ಕೆ ಕುಗ್ಗದ ಗಾಳಿಯ ಅಣುಗಳು ಒದಗಲಾರವು ಎಂಬುದನ್ನು ಮನಗಂಡು, ಗಾಳಿಯನ್ನೂ ಕುಗ್ಗಿಸುವ ಸಾಧನವೊಂದನ್ನು ಅಸಿಮೋವ್ ಸೇರಿಸಿದನು. ಇವುಗಳನ್ನು ಕೇವಲ ತಾಂತ್ರಿಕ ತಿದ್ದುಪಡಿಗಳೆಂದು ಬಗೆಯಲಾಗದು. ಮೊದಲ ಅಧ್ಯಾಯದಲ್ಲಿ ಹಾಕಿದ ನಿಯಮಕ್ಕೆ ಕೊನೆಯ ಅಧ್ಯಾಯವೂ ಬದ್ಧವಾಗಿರಬೇಕೆಂಬ ನೈತಿಕತೆ ಅವುಗಳ ಹಿಂದಿದೆ. ಅಸಿಮೋವ್ ಬೇಗ ಬರೆದು ಮುಗಿಸಿದ, ಚಿತ್ರ ತಡವಾಯಿತು. 1966ರಲ್ಲಿ ಕಾದಂಬರಿಯೇ ಮೊದಲು ಹೊರಬಂದು, ಚಿತ್ರವೇ ಅದನ್ನು ಆಧರಿಸಿದ್ದೆಂಬ ಭಾವನೆ ಜನರಲ್ಲಿ ಮೂಡಿತು. ಬೇಗ ಬರೆಯುವುದೂ ಅವಸರದಿಂದ ಮುಗಿಸುವುದೂ ಒಂದೇ ಅಲ್ಲವೆಂಬುದು ಇದರಿಂದ ಸ್ಪಷ್ಟ.

ಸ್ಟ್ಯಾನ್ಲಿ ಕುಬ್ರಿಕ್ ಮತ್ತು ಆರ್ಥರ್ ಸಿ. ಕ್ಲಾರ್ಕ್ ಜೊತೆಯಾಗಿ ರೂಪಿಸಿದ ‘2001: ಎ ಸ್ಪೇಸ್ ಒಡಿಸ್ಸಿ’ಯದು ಇನ್ನೊಂದು ದಾರಿ. 1968ರ ಏಪ್ರಿಲ್‌ನಲ್ಲಿ ಚಿತ್ರವೂ ಅದೇ ವರ್ಷದ ಜುಲೈನಲ್ಲಿ ಕಾದಂಬರಿಯೂ ಬಂದವು. ಚಿತ್ರದ ನೌಕೆ ಗುರುಗ್ರಹದ ಬಳಿ ನಿಂತರೆ ಕಾದಂಬರಿಯದು ಶನಿಯವರೆಗೆ ಸಾಗುತ್ತದೆ. ಚಿತ್ರ ಮೌನವಾಗಿ ಮುಗಿದರೆ ಕಾದಂಬರಿ ವಿವರಿಸಿ ಮುಗಿಯುತ್ತದೆ. ಈ ಮುಕ್ತಾಯಕ್ಕಾಗಿ ಬರೆದು ಕೈಬಿಟ್ಟ ಹಲವು ರೂಪಗಳನ್ನು ಕ್ಲಾರ್ಕ್ 1972ರಲ್ಲಿ ಪ್ರತ್ಯೇಕ ಪುಸ್ತಕವಾಗಿಯೇ ಪ್ರಕಟಿಸಿದನು. ಕೊನೆಯೊಂದು ತನ್ನ ರೂಪವನ್ನು ಕಂಡುಕೊಳ್ಳಲು ಎಷ್ಟು ಕಾಲ, ಎಷ್ಟು ತಿರಸ್ಕಾರಗಳು ಬೇಕಾಗುತ್ತವೆ ಎಂಬುದಕ್ಕೆ ಆ ಪುಸ್ತಕ ಪ್ರಮಾಣವಾಗಿದೆ.

6. ಕನ್ನಡದ ಎರಡು ಪಾಠಗಳು

ಎರವಲು ಕಥೆಗೆ ಸ್ವಂತ ಮುಕ್ತಾಯ ಕೊಡುವ ವಿದ್ಯೆ ಕನ್ನಡಕ್ಕೆ ಹೊಸದಲ್ಲ. ಬ್ಲಿಶ್‌ನ ಪುಸ್ತಕ ಬಂದ ಆಸುಪಾಸಿನಲ್ಲೇ, 1971ರಲ್ಲಿ, ಗಿರೀಶ ಕಾರ್ನಾಡರ ‘ಹಯವದನ’ ಪ್ರಕಟವಾಯಿತು. ಕಥಾಸರಿತ್ಸಾಗರದ ಬೇತಾಳ ಕಥೆಯನ್ನೂ ಥಾಮಸ್ ಮನ್‌ನ ನೀಳ್ಗತೆಯನ್ನೂ ಆಧರಿಸಿದ ಈ ನಾಟಕದಲ್ಲಿ ಇಬ್ಬರು ಗೆಳೆಯರ ತಲೆಗಳು ಅದಲುಬದಲಾಗುತ್ತವೆ; ದೇವದತ್ತನ ತಲೆಯೂ ಕಪಿಲನ ದೇಹವೂ ಸೇರಿದವನು ದೇವದತ್ತನ ಹೆಂಡತಿ ಪದ್ಮಿನಿಗೆ ಗಂಡನೋ ಅಲ್ಲವೋ ಎಂಬ ಪ್ರಶ್ನೆ ಏಳುತ್ತದೆ. ಮನುಷ್ಯನ ಗುರುತು ಇರುವುದು ಎಲ್ಲಿ ಎಂಬ ಈ ಪ್ರಶ್ನೆ ಮೆಕಾಯ್‌ನ ಪ್ರಶ್ನೆಗೆ ತೀರ ಹತ್ತಿರದ್ದು. ಬೇತಾಳ ಕಥೆ ತಲೆಯೇ ಪ್ರಧಾನವೆಂದು ಉತ್ತರಿಸಿ ನಿಂತರೆ, ಕಾರ್ನಾಡರು ಆ ಉತ್ತರವನ್ನು ನಾಟಕದ ನಡುವಿನಲ್ಲೇ ಇಟ್ಟು ಅದರ ಪರಿಣಾಮಗಳನ್ನು ಕೊನೆಯವರೆಗೂ ಬೆನ್ನಟ್ಟುತ್ತಾರೆ: ದೇಹಗಳು ಮೆಲ್ಲಮೆಲ್ಲನೆ ತಲೆಗೆ ತಕ್ಕಂತೆ ಮಾರ್ಪಡುತ್ತವೆ, ಪಡೆದ ಪೂರ್ಣತೆ ಕೈಜಾರುತ್ತದೆ, ಗೆಳೆಯರ ಸಾವಿಗೂ ಪದ್ಮಿನಿಯ ಸಹಗಮನಕ್ಕೂ ಅದೇ ಪ್ರಶ್ನೆ ಕಾರಣವಾಗುತ್ತದೆ. ಕಥೆ ಎರವಲು, ಹೊಣೆ ಸ್ವಂತದ್ದು.

ಎರಡನೆಯ ಪಾಠ ಕೆ.ಪಿ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’. ಹೆಬ್ಬಾಳಕ್ಕೆ ದೂರವಲ್ಲದ ಒಂಟಿಕೊಪ್ಪಲಿನ ‘ಉದಯರವಿ’ ಮನೆಯಲ್ಲಿ ಬೆಳೆದು ಮೂಡಿಗೆರೆಯ ಕಾಡಂಚಿನಲ್ಲಿ ನೆಲೆಸಿದ ತೇಜಸ್ವಿಯವರು 1980ರಲ್ಲಿ ಪ್ರಕಟಿಸಿದ ಈ ಕಾದಂಬರಿಯಲ್ಲಿ, ಹಾರುವ ಓತಿಯನ್ನು ಅರಸಿ ಹೊರಟ ತಂಡ ಅದನ್ನು ಕಣ್ಣಾರೆ ಕಂಡರೂ ಹಿಡಿಯಲಾಗುವುದಿಲ್ಲ, ಅದು ಕಣಿವೆಯ ಮೇಲೆ ತೇಲಿ ಮರೆಯಾಗುತ್ತದೆ. ಹೊರಗಿನಿಂದ ನೋಡಿದರೆ ಇದು ಸೋಲು. ಆದರೂ ಯಾವ ಓದುಗನಿಗೂ ಕೊನೆ ಅವಸರದ್ದೆಂದು ಅನ್ನಿಸುವುದಿಲ್ಲ. ಹಳ್ಳಿಯವರು ಕೆಲಸಕ್ಕೆ ಬಾರದವನೆಂದು ಬಗೆದ ಮಂದಣ್ಣನಲ್ಲಿ ವಿಜ್ಞಾನಿ ಕರ್ವಾಲೊ ಏನನ್ನು ಕಂಡರು ಎಂಬ ಕುತೂಹಲದಿಂದ ಕಾದಂಬರಿ ಹೊರಡುತ್ತದೆ. ಆ ಕುತೂಹಲವೇ ಬೆಳೆದು ಕಾಲ, ವಿಕಾಸ, ಮನುಷ್ಯನ ಅರಿವಿನ ಮಿತಿ ಎಂಬ ಪ್ರಶ್ನೆಗಳಾಗುತ್ತದೆ. ಓತಿ ಕೈಗೆ ಸಿಗದಿರುವುದೇ ಆ ಪ್ರಶ್ನೆಗಳಿಗೆ ಸಲ್ಲುವ ಉತ್ತರವಾಗುತ್ತದೆ. ಪೂರ್ಣ ಮುಕ್ತಾಯವೆಂದರೆ ಎಲ್ಲ ಗಂಟುಗಳನ್ನು ಬಿಡಿಸುವುದಲ್ಲ, ಮೊದಲ ಪುಟದ ಪ್ರಶ್ನೆಗೆ ಕೊನೆಯ ಪುಟ ಲೆಕ್ಕ ಒಪ್ಪಿಸುವುದು ಎಂಬುದನ್ನು ಈ ಕೃತಿ ಮನದಟ್ಟು ಮಾಡುತ್ತದೆ.

7. ಮುಂದಿನ ಬರಹಗಾರರಿಗೆ

ಕಾರ್ಖಾನೆಗಳ ಪ್ರದೇಶವಾಗಿ ಬೆಳೆದ ಹೆಬ್ಬಾಳ, ಇನ್ಫೋಸಿಸ್‌ನ ತರಬೇತಿ ಕೇಂದ್ರದಿಂದಾಗಿ ಇಂದು ದೇಶದ ನಾನಾ ಭಾಗಗಳ ಯುವ ಎಂಜಿನಿಯರುಗಳು ಬಂದು ಕಲಿಯುವ ತಾಣವಾಗಿದೆ. ಚಿತ್ರ, ಸರಣಿ, ಆಟಗಳ ಕಥಾಲೋಕಗಳಲ್ಲಿ ಬೆಳೆದ ಈ ಪೀಳಿಗೆಯಿಂದಲೇ ನಾಳೆಯ ಕನ್ನಡ ವಿಜ್ಞಾನ ಕಾದಂಬರಿಕಾರರು ಬರಬಹುದು. ಕನ್ನಡದ ಚಿತ್ರಗಳಿಗೂ ಆಟಗಳಿಗೂ ಟೈ-ಇನ್ ಕಾದಂಬರಿ ಬರೆಯುವ ಸಂದರ್ಭ ಒದಗಬಹುದು. ಆ ಕೆಲಸವನ್ನು ಕೀಳೆಂದು ತಳ್ಳಿಹಾಕುವುದು ಸರಿಯಲ್ಲ. ರಾಜಶೇಖರ ಭೂಸನೂರಮಠರಂಥವರು ಕಷ್ಟಪಟ್ಟು ಹಾಕಿದ ಕನ್ನಡ ವಿಜ್ಞಾನ ಸಾಹಿತ್ಯದ ದಾರಿ ಇನ್ನಷ್ಟು ಓದುಗರನ್ನು ತಲುಪಲು ಅದು ನೆರವಾಗಬಲ್ಲದು.

ಹಾಗೆ ಬರೆಯಹೊರಡುವವರು ಅಸಿಮೋವ್ ಮಾಡಿದಂತೆ ಬರೆಯುವ ಮೊದಲೇ ಷರತ್ತು ಹಾಕುವುದು ಒಳಿತು. ಪಾತ್ರಗಳು ಹಕ್ಕುದಾರರವಾಗಿರಲಿ, ನಾಯಕನ ಅಳಿವು-ಉಳಿವನ್ನು ಅವರೇ ತೀರ್ಮಾನಿಸಲಿ. ಆದರೆ ಕಥೆಯ ನಿಯಮಗಳನ್ನು ತಿದ್ದುವ ಅಧಿಕಾರ, ಕೊನೆಯ ಅಧ್ಯಾಯಕ್ಕೆ ಬೇಕಾದಷ್ಟು ಪುಟ ಮತ್ತು ವೇಳೆ ಲೇಖಕನಿಗೆ ಸಿಗಬೇಕು. ಪ್ರಕಾಶಕರು ಹಸ್ತಪ್ರತಿಯನ್ನು ಒಪ್ಪುವ ಮೊದಲು ಮೊದಲ ಅಧ್ಯಾಯವನ್ನೂ ಕೊನೆಯ ಅಧ್ಯಾಯವನ್ನೂ ಅಕ್ಕಪಕ್ಕ ಇಟ್ಟು ಓದಬೇಕು. ಮೊದಲನೆಯದು ಕೇಳಿದ್ದಕ್ಕೆ ಕೊನೆಯದರಲ್ಲಿ ಉತ್ತರವೂ ಇಲ್ಲದೆ, ಉತ್ತರ ಸಿಗದ ಕಾರಣವೂ ಇಲ್ಲದೆ ಹೋದರೆ ಹಸ್ತಪ್ರತಿಯನ್ನು ಲೇಖಕನಿಗೆ ಮರಳಿಸಬೇಕು. ಆತ್ಮದ ಗತಿಯನ್ನು ಕುರಿತು ಅಷ್ಟು ಚೆನ್ನಾಗಿ ಕೇಳಿದ ಬ್ಲಿಶ್‌ಗೆ ಇನ್ನೂ 50 ಪುಟಗಳ ಅವಕಾಶ ಸಿಕ್ಕಿದ್ದರೆ ಆ ಕಾದಂಬರಿ ಬೇರೆಯೇ ಎತ್ತರಕ್ಕೆ ಏರುವ ಸಾಧ್ಯತೆ ಇತ್ತು. ಆ ಅವಕಾಶವನ್ನು ಕನ್ನಡದ ಲೇಖಕರಿಗೆ ಒದಗಿಸಿಕೊಡುವುದು ಪ್ರಕಾಶಕರ, ನಿರ್ಮಾಪಕರ, ಕೊನೆಯ ಪುಟವನ್ನೂ ಮೊದಲಿನಷ್ಟೇ ಕಟ್ಟುನಿಟ್ಟಾಗಿ ಓದುವ ಓದುಗರ ಕೈಯಲ್ಲಿದೆ.